ಎಂಟು ಚೂರು ಕರುಳು

ಇವಳೇ,

ಇದನ್ನು ಯಾವ ಅಂಚೆಗೂ ಹಾಕುವಂತಿಲ್ಲ. ಆದರೂ ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಕರುಳಿನ ಬಯಾಪ್ಸಿ ರಿಪೋರ್ಟು ಇವತ್ತು ಬಂತು. ಹೋದ ವಾರ ಕ್ಯಾಮೆರಾ ಬಿಟ್ಟು ನೋಡಿದಾಗ ಒಳಗೋಡೆಯೆಲ್ಲ ನುಣ್ಣಗಿತ್ತಂತೆ, ಒಂದು ಹುಣ್ಣೂ ಇಲ್ಲ. 'ರಿಮಿಷನ್' ಇರಬಹುದು ಎಂದಿದ್ದರು. ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ ಅದು ಕೈದಿಗೆ ಸಿಗುವ ಶಿಕ್ಷೆ ಕಡಿತ. ಇಲ್ಲಿ ರೋಗ ತಣ್ಣಗಾಗುವುದು. ಇನ್ನು ಮಾತ್ರೆ ನಿಲ್ಲಿಸುತ್ತಾರೆಂದು ಹಿಗ್ಗಿಕೊಂಡೇ ಹೋದೆ.

"ದಿನಕ್ಕೆ ಎಷ್ಟು ಸಲ ಹೋಗ್ತೀರಿ?" ಎಂದರು ಡಾಕ್ಟರಮ್ಮ.

"ಎರಡೇ ಸಲ. ಆರಾಮಾಗಿದ್ದೀನಿ."

"ನೀವು ಆರಾಮಾಗಿರಬಹುದು ಯಜಮಾನ್ರೇ, ನಿಮ್ಮ ಕರುಳು ಇಲ್ಲ. ಎಂಟು ಚೂರು ತೆಗೆದಿದ್ವಲ್ಲ, ಆರರಲ್ಲಿ ಉರಿಯೂತ ಇನ್ನೂ ಇದೆ. ಮಾತ್ರೆ ನಿಲ್ಸೋ ಹಾಗಿಲ್ಲ."

ನೀನಿದ್ದಿದ್ದರೆ ಪಕ್ಕದ ಕುರ್ಚಿಯಿಂದ, "ಸುಳ್ಳು ಡಾಕ್ಟ್ರೇ, ಐದು ಸಲ. ಕಕ್ಕಸಿನ ಬಾಗಿಲ ಸದ್ದು ನನಗೆ ಕೇಳಲ್ವಾ?" ಎಂದು ಮಾನ ಕಳೆಯುತ್ತಿದ್ದೆ. ನೀನು ಹೋದ ಮೇಲೆ ಆ ಬಾಗಿಲು ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೇನೆ.

"ಕಣ್ಣಿಗೆ ಚೆನ್ನಾಗಿ ಕಂಡ್ರೆ ಸಾಲದಾ?" ಎಂದೆ.

"ಸಾಲದು. ಅದಕ್ಕೇ ಚೆನ್ನಾಗಿ ಕಾಣೋ ಕಡೆಯಿಂದಲೂ ಚೂರು ತೆಗೀತೀವಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತೇ ಕೊರೆಯಿತು. ನಿನ್ನ ಕೊನೆಯ ಬೇಸಿಗೆಯಲ್ಲಿ ನೀನು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. "ಯಾಕೇ?" ಎಂದರೆ, "ನನಗೇನ್ರೀ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತಿದ್ದೆ. ಮುಖವೂ ಚೆನ್ನಾಗಿಯೇ ಕಾಣುತ್ತಿತ್ತು. ನಾನು ತಟ್ಟೆ ಮುಂದೆ ಸರಿಸಿ, "ಹಾಗಾದ್ರೆ ಇನ್ನೊಂದು ಸೌಟು ಹಾಕು" ಎನ್ನುತ್ತಿದ್ದೆ.