ಹೊಳೆಗೆ ಬಿಟ್ಟ ಸೀರೆ

12-2-1999, ಶುಕ್ರವಾರ

ಬೆಳಿಗ್ಗೆ ಊರ ನಲ್ಲಿಯ ಪಂಪು ನೀರೆತ್ತಲಿಲ್ಲ. ಮತ್ತೆ ಜಾಲರಿಗೆ ಬಟ್ಟೆ. ಹೊಳೆ ಇಳಿದಾಗ ಇದು ಇದ್ದದ್ದೇ. ಮೇಲಿನ ಮೆಟ್ಟಿಲ ಹತ್ತಿರ ತಿಥಿ ಮಾಡಿದವರು ಸತ್ತವರ ಬಟ್ಟೆಯನ್ನು ನೀರಿಗೆ ಬಿಡುತ್ತಾರೆ, ಅದು ಬಂದು ಪಂಪ್‌ಹೌಸಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ಸೊಂಟದವರೆಗೆ ಇಳಿದು ಕೊಕ್ಕೆಯಲ್ಲಿ ಎಳೆದೆ. ಒಂದು ಪಂಚೆ. ದಿಂಬಿನ ಚೀಲ. ಆಮೇಲೆ ಹಸಿರು ಸೀರೆ, ಹಳದಿ ಅಂಚು.

ನನ್ನ ಹೆಂಡತಿ ತಾಯಮ್ಮನದು.

ಹೋದ ತಿಂಗಳು ಅವಳ ತಿಥಿಯ ದಿನ ನಾನೇ ಬಿಟ್ಟದ್ದು.

ಇಷ್ಟು ವರ್ಷ ಎಷ್ಟು ಮನೆಯವರ ಬಟ್ಟೆ ಎಳೆದು ದಂಡೆಗೆ ಬಿಸಾಕಿದೆನೋ... ಇದನ್ನು ಬಿಸಾಕಲು ಆಗಲಿಲ್ಲ. ಹಿಂಡಿ, ಊಟದ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ತಂದೆ. ತೊಳೆದು ಹಿತ್ತಲಿನಲ್ಲಿ ಹರವಿದ್ದೇನೆ.

14-2-1999

ಹಳ್ಳಿಮೈಸೂರಿನಿಂದ ಮಂಚಯ್ಯ ಬಂದಿದ್ದ. ತಾಯಮ್ಮನ ತಮ್ಮ. ಕಾಲು ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ನಿಂತ.

"ಭಾವ, ತಂತಿ ಮ್ಯಾಲೆ ಅಕ್ಕನ ಸೀರೆ ಅಲ್ವಾ?"

"ಜಾಲರಿಗೆ ಸಿಕ್ಕಿತ್ತು ಕಣಪ್ಪ."

"ಸಿಕ್ರೆ? ಕೊಟ್ಟುದ್ನ ವಾಪಸ್ ಇಸ್ಕಂಡ್ ಬಂದ್ಬುಟ್ರಾ? ಅವ್ಳು ಅಲ್ಲಿ ಏನ್ ಉಟ್ಕಳ್ಳಾದು?"

ಸೀರೆಯನ್ನು ತಂತಿಯಿಂದ ಎಳೆದುಕೊಂಡೆ.

"ಸತ್ತೋರ್ಗೆ ಬಟ್ಟೆ ಮುಟ್ಟುದ್ರೆ ಅದ್ನೇ ಉಟ್ಕಂಡ್ ಕನಸಿಗೆ ಬತ್ತಾರೆ. ಮುಟ್ದೇ ಇದ್ರೆ ನಾಚ್ಕಂಡು ಬರಾಕಿಲ್ಲ. ನಿಮ್ಗೆ ಬಂದಿದ್ಲಾ?"

ಬಂದಿಲ್ಲ. ಹೇಳಲಿಲ್ಲ. ಅವನು ಕಾಫಿಯನ್ನೂ ಕುಡಿಯದೆ ಬಸ್ಸಿಗೆ ಹೋದ.

23-2-1999

ಹೈಸ್ಕೂಲಿನ ಸಂಪತ್ಕುಮಾರ್ ಮೇಷ್ಟ್ರು ಪಂಪ್‌ಹೌಸಿಗೆ ಬಂದಿದ್ದರು. ನಲ್ಲಿ ನೀರು ವಾಸನೆ ಅಂತ ಕಂಪ್ಲೇಂಟು. ಜಾಲರಿ ತೋರಿಸಿದೆ. ಸೀರೆಯ ವಿಷಯ ಹೇಳಬಾರದು ಅಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಮೇಷ್ಟ್ರು ಬಗ್ಗಿ ಜಾಲರಿಯಿಂದ ಒಂದು ಚಿಂದಿ ಕಿತ್ತು ದಂಡೆಗೆ ಹಾಕಿದರು.

"ಬರೋ ತಿಂಗಳಿಂದ ಭಾನುವಾರ ಭಾನುವಾರ ಮಕ್ಕಳನ್ನ ಕರಕೊಂಡು ಬರ್ತೀನಿ. ದಂಡೆ ಚೊಕ್ಕಟ ಮಾಡೋಣ, ಹೊಳೆಯಲ್ಲಿ ಏನೇನು ಬದುಕ್ತದೆ ಅಂತ ಹೇಳಿಕೊಡೋಣ. ನೀವು ಜೊತೆಗಿರಬೇಕು."

"ನಾನು ಓದಿರೋದು ಎಂಟನೇ ಕ್ಲಾಸು ಸಾ."

"ಮೀನೇನು ನಿಮ್ಮ ಮಾರ್ಕ್ಸ್ ಕಾರ್ಡ್ ಕೇಳಲ್ಲ ಕಣ್ರೀ."

ಹೊಳೆದಂಡೆ ಬಳಗ ಅಂತ ಹೆಸರೂ ಅವರೇ ಇಟ್ಟರು. ಹೂಂ ಅಂದೆ. ಯಾಕೆ ಅಂದೆನೋ. ಇನ್ನೊಬ್ಬರ ಮನೆಯದು ಹಾಗೆ ಕೊಕ್ಕೆಗೆ ಬರಬಾರದು, ಅಷ್ಟೇ.

7-3-1999, ಭಾನುವಾರ

ತರಗತಿಯಲ್ಲಿ ಎಲ್ಲರೂ ಕೈ ಎತ್ತಿದ್ದರಂತೆ. ಬಂದದ್ದು ಎಂಟು ಮಕ್ಕಳು. ಸೂತಕದ ಬಟ್ಟೆ ಮುಟ್ಟಿಸುತ್ತಾರೆ ಅಂತ ಊರಲ್ಲಿ ಸುದ್ದಿ.

ಮೇಷ್ಟ್ರು ಕಲ್ಲು ಎತ್ತಿ ತೋರಿಸಿದರು. ಬಸವನಹುಳು, ಸಣ್ಣ ಏಡಿ, ಕೂದಲೆಳೆಯಂಥ ಮೀನುಮರಿ. ಆಮೇಲೆ ಕೊಳೆತ ಕಂಬಳಿಯೊಂದನ್ನು ಎತ್ತಿಸಿದರು. ಅಡಿಯಲ್ಲಿ ಕಪ್ಪು ಕೆಸರು, ನಾತ. ಒಂದು ಹುಳವೂ ಇಲ್ಲ. ಗರಸಿನ ಮೇಲೆ ತೇನೆಹಕ್ಕಿ ಮೊಟ್ಟೆ ಇಟ್ಟಿತ್ತು. ನೆತ್ತಿಯ ಮೇಲೆ ಹಾರಿ ಬೈಯುತ್ತಲೇ ಇತ್ತು. ಮಕ್ಕಳು ದೂರದಿಂದ ಸುತ್ತಿ ಹೋದರು.

ನನಗೆ ಯಾವುದೂ ಸರಿಯಾಗಿ ಕಾಣಲಿಲ್ಲ. ಕಣ್ಣೆಲ್ಲ ಮಕ್ಕಳ ಕಾಲಿನ ಮೇಲೆ. ಒಂದು ಹೆಜ್ಜೆ ಆಚೆ ಗುಂಡಿ. ಯಾವ ಮಗುವಾದರೂ ಜಾರಿದರೆ...

ಅನುಶ್ರೀ ಅಂತ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು, "ಅಂಕಲ್, ಇದು ಯಾರ ಕಂಬಳಿ?" ಕಂಬಳಿಯನ್ನು ಅವಳ ಕಾಲ ಹತ್ತಿರದಿಂದ ಆಚೆ ಎಳೆದೆ.

ಶಂಖ ಊದಿ, ಜಗಟೆ ಬಾರಿಸಿ ತಿಥಿ ಮಾಡಿಸುವ ದಾಸಯ್ಯ, ಚಲುವಯ್ಯ ಅಂತ, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. "ಏನ್ಲಾ ರಂಗಸ್ವಾಮಿ, ಊರ್ಗೆಲ್ಲ ನಲ್ಲಿ ಆಕಿದ್ದಾಯ್ತು, ಇನ್ನ ಸತ್ತೋರ್ಗೂ ನೀರ್ ನಿಲ್ಲುಸ್ಬುಡ್ತೀಯಾ?" ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ.

14-3-1999

ಮೂರು ಮಕ್ಕಳು. ಪಂಪ್‌ಹೌಸಿನ ಹತ್ತಿರ ಹೊಸದಾಗಿ ಎರಡು ಗಂಟು ಬಟ್ಟೆ. ಹೀಗಾದರೆ ಬಳಗ ಮುಗಿದ ಹಾಗೆ.

18-3-1999, ಯುಗಾದಿ

ಈ ವರ್ಷ ನಮಗೆ ಹಬ್ಬವಿಲ್ಲ. ಚಲುವಯ್ಯನ ಮನೆಗೆ ಹೋದೆ. ಬಟ್ಟೆ ಪೂರಾ ನೀರಿಗೇ ಬಿಡಬೇಕಾ ಅಂತ ಕೇಳಿದೆ. ಅಂಗಳಕ್ಕೆ ಹೋಗಿ ಎಲೆ ಅಡಿಕೆ ಉಗಿದು ಬಂದ.

"ನಮ್ಮಪ್ಪ ಏಳೋನು. ಗತಿ ಇಲ್ದೋರು ಸೆರಗಿಂದ ಒಂದ್ ಎಳೆ ಕಿತ್ತು ಬುಟ್ರೂ ಸಾಕು, ಸೀರೆ ಪೂರಾ ಮುಟ್ತದೆ ಅಂತ. ಮಿಕ್ಕುದ್ನ ಯಾರ್ಗಾರ ಉಡಾಕ್ಕೆ ಕೊಡಾದು."

"ಹಂಗಾದ್ರೆ ಎಲ್ಲರಿಗೂ ಹಂಗೇ ಮಾಡ್ಸು."

"ಬಲೇ ಚೆನ್ನಾಗ್ ಏಳ್ದೆ. ಎಳೆ ಬುಡು ಅಂದ್ರೆ, ನಮ್ನ ಗತಿಗೆಟ್ಟೋರು ಅಂದ್ನಲ್ಲ ಅಂತ ನನ್ ಜಗಟೆ ಕಿತ್ಕಂಡು ನನ್ಗೇ ಬಾರುಸ್ತಾರೆ. ಮೊದ್ಲು ಯಾರಾರ ಮಾಡ್ಲಿ. ಆಮೇಲ್ ಅವುರ್ನ ಕೇಳ್ತಾರೆ, ಮುಟ್ತಾ ಅಂತ. ಮುಟ್ತು ಅಂದ್ರೆ ಎಲ್ಲಾ ಮಾಡ್ತಾರೆ ಕಣ."

21-3-1999, ಭಾನುವಾರ

ಮಾಡಿದೆ. ಮೆಟ್ಟಿಲ ಮೇಲೆ ಕೂತು, ಹಸಿರು ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತೆ. ಚಲುವಯ್ಯ ಶಂಖ ಊದಿದ. ನೀರಿಗೆ ಬಿಟ್ಟೆ. ಎಲ್ಲಿ ಹೋಯಿತೋ ಕಾಣಲೇ ಇಲ್ಲ.

ಮಂಚಯ್ಯನನ್ನು ಕರೆಸಿದ್ದೆ. ದೂರ ನಿಂತಿದ್ದವನು "ನಮ್ಮಕ್ಕ ಒಂದ್ ದಾರಕ್ ಬಾಳ್ತಿದ್ಲಾ?" ಅಂದು ಹೊರಟುಬಿಟ್ಟ.

ಸೀರೆಯನ್ನು ಬಸ್‌ಸ್ಟ್ಯಾಂಡಿನ ಹೂವಿನವಳಿಗೆ ಕೊಟ್ಟೆ. ಯಾರದು ಎಂದು ಹೇಳಿಯೇ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡಳು.

26-3-1999

ಬಂದಿಲ್ಲ. ತಾಯಮ್ಮ ಕನಸಿಗೆ ಬರಲಿ ಅಂತ ಬೇಗ ಮಲಗಿದೆ, ಹಗಲೂ ಮಲಗಿ ನೋಡಿದೆ. ಬರಲಿಲ್ಲ.

4-4-1999

ಬಳಗಕ್ಕೆ ಆರು ಮಕ್ಕಳು. ತೇನೆಹಕ್ಕಿ ಮರಿ ಮಾಡಿದೆ. ಮೇಷ್ಟ್ರಿಗೆ ಬಹಳ ಸಂತೋಷ. ನನಗೆ—ಇಲ್ಲ. ಇವತ್ತೂ ಇಲ್ಲ.

11-4-1999, ಭಾನುವಾರ, ಸಂಜೆ

ಬರೆದುಬಿಡಬೇಕು.

ಬಳಗದ ಮಕ್ಕಳೆಲ್ಲ ದಂಡೆಯಲ್ಲಿದ್ದಾಗಲೇ ಗುಂಡಯ್ಯನ ಮನೆಯವರು ಟ್ರ್ಯಾಕ್ಟರಿನಲ್ಲಿ ಬಂದರು. ಅವನ ಹೆಂಡತಿಯ ತಿಥಿ. ಅಕ್ಕಪಕ್ಕದ ಹಳ್ಳಿಗಳಿಗೆಲ್ಲ ಗೊತ್ತಿರುವ ಮನೆ. ಅವರು ಏನು ಮಾಡಿದರೆ ಅದೇ ಪದ್ಧತಿ. ಹಾಸಿಗೆ, ರಗ್ಗು, ಸೀರೆಯ ದೊಡ್ಡ ಗಂಟು. ಸಂಬಂಧಿಕರ ಜೊತೆ ಮಂಚಯ್ಯನೂ ಇದ್ದ.

ಚಲುವಯ್ಯ ಮೆಲ್ಲಗೆ ಒಂದು ಎಳೆ ಬಿಡುವ ಮಾತು ಎತ್ತಿದ.

"ಯಾಕಯ್ಯಾ, ನಮ್ಗೇನ್ ಬಂದದೆ ಬಡ್ತನ?" ಗುಂಡಯ್ಯನ ದನಿ ಏರಿತು. ಗಂಟು ಬಿಚ್ಚಲು ಬಗ್ಗಿದ.

ಸತ್ತವಳ ಮಗಳು ಅಪ್ಪನ ಕೈ ಹಿಡಿದಳು. ನನ್ನ ಹತ್ತಿರ ಬಂದಳು. ಅತ್ತು ಮುಖ ಊದಿತ್ತು.

"ಅಣ್ಣಾ, ನೀವೇ ಅಂತೆ ಮೊದ್ಲು ಮಾಡ್ದೋರು. ನಿಜ ಏಳಿ. ಅಕ್ಕಾವ್ರು ಕನಸಿಗೆ ಬಂದ್ರಾ?"

ಜಗಟೆ ನಿಂತಿತು. ಮೇಷ್ಟ್ರು, ಮಕ್ಕಳು, ಮಂಚಯ್ಯ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಲ್ಲ ಅಂದರೆ ಆ ಗಂಟು ನೀರಿಗೆ. ಇವತ್ತಿನದು ಮಾತ್ರ ಅಲ್ಲ, ಇನ್ನು ಮುಂದಿನವೆಲ್ಲ.

"ಬಂದಿದ್ಲು."

"ಉಟ್ಕಂಡಿದ್ರಾ?"

"ಹಸಿರು ಸೀರೆ. ಹಳದಿ ಅಂಚು."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಒಂದೊಂದೇ ಸೀರೆ ಬಿಡಿಸಿ, ಹಲ್ಲಿನಲ್ಲಿ ಕಚ್ಚಿ ಎಳೆ ಕಿತ್ತಳು. ಎಳೆಗಳು ಮಾತ್ರ ಹೋದವು. ಹಾಸಿಗೆ ಟ್ರ್ಯಾಕ್ಟರಿಗೆ ವಾಪಸಾಯಿತು. ಮೇಷ್ಟ್ರು ನನ್ನ ಹೆಗಲು ಒತ್ತಿ, "ಬಳಗ ಉಳೀತು ರಂಗಸ್ವಾಮಿ" ಅಂದರು. ಅವರೂ ನಂಬಿದ್ದಾರೆ.

ಮನೆಯ ದಾರಿಯಲ್ಲಿ ಮಂಚಯ್ಯ ಓಡಿಕೊಂಡು ಬಂದು ಜೊತೆಯಾದ. ಎಷ್ಟೋ ದಿನದ ಮೇಲೆ ಮಾತು.

"ನಂಗೊಂದ್ ಮಾತ್ ಏಳ್ಬಾರ್ದಾಗಿತ್ತಾ ಭಾವ? ಚೆನ್ನಾಗವ್ಳಾ?"

"ಚೆನ್ನಾಗವ್ಳೆ."

"ಸೊರಗಿರ್ಲಿಲ್ವಾ?"

"ಇಲ್ಲ."

ನಡುಬೀದಿಯಲ್ಲಿ ನಿಂತು, ಟವಲಿನಲ್ಲಿ ಮುಖ ಮುಚ್ಚಿಕೊಂಡ.

ಈಗ ಒಳಗೆ ಮುದ್ದೆ ತಿರುವುತ್ತಿದ್ದಾನೆ. ರಾತ್ರಿ ಇಲ್ಲೇ ಇರುತ್ತಾನಂತೆ. "ಅಕ್ಕ ಬತ್ತಾಳೆ ಅಂದ್ಮೇಲೆ ನಾನೂ ಇಲ್ಲೇ ಮನಿಕ್ಕತೀನಿ, ನಿಮ್ ಪಕ್ದಲ್ಲೇ" ಅಂದ. ಚಾಪೆ ಎರಡೂ ಹಾಸಿಟ್ಟಿದ್ದಾನೆ. ಬೆಳಿಗ್ಗೆ ಎದ್ದವನೇ ಕೇಳುತ್ತಾನೆ.

ಊಟಕ್ಕೆ ಕರೆಯುತ್ತಿದ್ದಾನೆ. ಊಟ ಆದರೆ ಮಲಗಬೇಕು. ಇಷ್ಟು ದಿನ ಬರಲಿ ಬರಲಿ ಅಂತ ಕಾದವನಿಗೆ ಈಗ ಕಣ್ಣು ಮುಚ್ಚಲು ಭಯ. ಬರದಿದ್ದರೆ ಹೇಗೋ ಸುಳ್ಳು ಹೇಳಬಹುದು. ಆದರೆ ಬಂದುಬಿಟ್ಟರೆ... ಬಂದು ಬಾಗಿಲ ಮರೆಯಲ್ಲಿ ನಿಂತು, ಅವಳ ಮೈಮೇಲೆ ಆ ಒಂದೇ ಒಂದು ಎಳೆ—