ನೀಲಕ್ಕನ ಕಾಯಿಸಿ ಆರಿಸಿದ ನೀರು

ವಿಮಾನ ನಿಲ್ದಾಣದ ಭದ್ರತೆಯ ಹೊಣೆ ಹೊತ್ತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ನನ್ನ ಹತ್ತು ತಿಂಗಳ ಮೊಮ್ಮಗಳಿಗಾಗಿ ಕಾಯಿಸಿ ಆರಿಸಿ ತಂದಿದ್ದ ಮುಕ್ಕಾಲು ಲೀಟರ್ ನೀರನ್ನು ನಿಮ್ಮ ತಪಾಸಣೆಯವರು ಚೆಲ್ಲಿಸಿದರು. ಅದೇ ಮಧ್ಯಾಹ್ನ ಆ ಮಗುವಿಗೆ ಒಂದಿಷ್ಟು ನೀರು ಕಾಯಿಸಿಕೊಟ್ಟ ತಪ್ಪಿಗೆ ನಿಮ್ಮಲ್ಲಿ ನೆಲ ಒರೆಸುವ ಹೆಣ್ಣುಮಗಳೊಬ್ಬಳು ಕೆಲಸ ಕಳೆದುಕೊಂಡಳು. ಮೊದಲನೆಯದನ್ನು ನಾನು ನುಂಗಿಕೊಂಡಿದ್ದೆ. ಎರಡನೆಯದು ಗೊತ್ತಾದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಎರಡು ಸಲ ಬಂದು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲವಾದ್ದರಿಂದ ಊರಿಗೆಲ್ಲ ಕೇಳುವಂತೆ ಇದರ ಪ್ರತಿಯೊಂದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ.

ನಾನು ತಪಾಸಣೆಯ ವಿರೋಧಿಯಲ್ಲ. ದಾಂಡೇಲಿಯಲ್ಲಿ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲುಗಾರನಾಗಿದ್ದೆ. ಸಾವಿರಾರು ಕೆಲಸಗಾರರ ಚೀಲ ತಡವಿದ್ದೇನೆ, ಬುತ್ತಿಯ ಡಬ್ಬಿ ತೆಗೆಸಿದ್ದೇನೆ. ರೊಟ್ಟಿಯ ನಡುವೆ ಹಿತ್ತಾಳೆಯ ನಲ್ಲಿ ಇಟ್ಟುಕೊಂಡು ಹೊರಟವರನ್ನು ಹಿಡಿದದ್ದೂ ಉಂಟು. ಅನುಮಾನಪಡುವುದು ಈ ಕೆಲಸದ ಮೊದಲ ಅರ್ಹತೆ ಎಂಬುದು ನನಗೆ ಗೊತ್ತು. ಎರಡನೆಯ ಅರ್ಹತೆಯೂ ಒಂದಿದೆ: ಡಬ್ಬಿ ತೆಗೆದು ನೋಡಿದ ಮೇಲೆ ಅದರಲ್ಲಿ ರೊಟ್ಟಿಯೇ ಇದ್ದರೆ, ರೊಟ್ಟಿ ಇದೆ ಎಂದು ಒಪ್ಪಿಕೊಂಡು ಮುಚ್ಚಳ ಹಾಕಿ ಕೊಡುವುದು. ನಿಮ್ಮಲ್ಲಿ ಮೊದಲನೆಯದರ ತರಬೇತಿ ಚೆನ್ನಾಗಿ ಆಗಿದೆ.

ಮೊಮ್ಮಗಳ ಹೆಸರು ಟಿಕೆಟ್ಟಿನಲ್ಲಿ ನೀಲಾ. ಮನೆಯಲ್ಲಿ ನನ್ನ ತಾಯಿಯ ಹೆಸರಿಟ್ಟು ನೀಲಕ್ಕ ಎನ್ನುತ್ತೇವೆ. ಹುಟ್ಟುವಾಗಲೇ ಅವಳ ಅಂಗುಳದಲ್ಲಿ ಸೀಳಿತ್ತು. ಅಂಥ ಮಗುವಿಗೆ ಎಳೆದು ಕುಡಿಯಲು ಬರುವುದಿಲ್ಲ. ಕುಡಿಸಿದ್ದರಲ್ಲಿ ಅರ್ಧ ಮೂಗಿನಿಂದ ಹೊರಗೆ ಬರುತ್ತದೆ. ಎಳೆಯುವ ಬಾಯಿ ಇಲ್ಲದೆ ನನ್ನ ಮಗಳು ಜ್ಯೋತಿಯ ಎದೆಹಾಲು ಮೂರನೆಯ ತಿಂಗಳಿಗೇ ಬತ್ತಿತು. ಆಗಿನಿಂದ ನೀಲಕ್ಕನಿಗೆ ಡಬ್ಬಿಯ ಹಾಲಿನ ಪುಡಿಯೇ ಆಧಾರ. ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ಮೆತ್ತನೆಯ ಬಾಟಲಿಯನ್ನು ಬೆರಳಿನಿಂದ ಒತ್ತಿ ಒತ್ತಿ, ಗುಟುಕು ಗುಟುಕಾಗಿ ಕುಡಿಸಬೇಕು. ಒಂದು ಹೊತ್ತಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಮೊದಲೊಮ್ಮೆ ಗೊತ್ತಾದ ದಿನ ಕೆಮ್ಮಿನಿಂದಾಗಿ ತಪ್ಪಿ, ಮತ್ತೆ ನಾಲ್ಕು ತಿಂಗಳು ಕಾದು ಸಿಕ್ಕ ದಿನ. ಈ ಸಲ ಹೊಟ್ಟೆ ಕೆಡಬಾರದು, ಕೆಟ್ಟರೆ ಮತ್ತೆ ಮುಂದಕ್ಕೆ ಹಾಕಬೇಕಾಗುತ್ತದೆ, ತಡವಾದಷ್ಟೂ ಮಾತು ಕಲಿಯುವುದು ಕಷ್ಟ ಎಂದು ವೈದ್ಯರು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ರೈಲಿನ ಗದ್ದಲವೂ ಬೇಡ ಎಂದಿದ್ದರು. ಅಳಿಯ ಮಲ್ಲೇಶ ಕುಳಗಿಯ ಅರಣ್ಯ ಇಲಾಖೆಯ ಶಿಬಿರದಲ್ಲಿ ಚಾಲಕ, ರಜೆ ಸಿಗಲಿಲ್ಲ. ಹಾಗಾಗಿ ಮಗಳ ಜೊತೆ ನಾನು ಹೊರಟೆ. ನನ್ನ ಹೆಂಡತಿ ಈರಕ್ಕ ನಸುಕಿನಲ್ಲೆದ್ದು ಇಪ್ಪತ್ತು ನಿಮಿಷ ನೀರು ಕುದಿಸಿ ಆರಿಸಿ, ಕುದಿಯುವ ನೀರಿನಲ್ಲೇ ತೊಳೆದ ಸ್ಟೀಲಿನ ಥರ್ಮಾಸಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕೊಟ್ಟಳು. ಹಳಿಯಾಳ ದಾಟಿದ ಮೇಲೆ ಕಾರಿನಲ್ಲೇ ಎಂಟು ಗಂಟೆಯ ಹಾಲು ಆಯಿತು. ನಿಮ್ಮ ಬಾಗಿಲಿಗೆ ಬರುವಾಗ ನೀಲಕ್ಕ ನಿದ್ದೆ ಮಾಡುತ್ತಿದ್ದಳು.

ತಪಾಸಣೆಯ ಮೇಜಿನ ಹಿಂದಿನ ಗೋಡೆಯ ಮೇಲೆ ನಿಮ್ಮದೇ ಫಲಕವಿದೆ. ಪ್ರಯಾಣಕ್ಕೆ ಬೇಕಾದಷ್ಟು ಶಿಶು ಆಹಾರಕ್ಕೆ ವಿನಾಯಿತಿ ಎಂದು ಮೂರು ಭಾಷೆಗಳಲ್ಲಿ ಬರೆದಿದೆ. ಅದರ ಕೆಳಗೇ ನಿಂತಿದ್ದ ನಿಮ್ಮ ಅಧಿಕಾರಿ ಥರ್ಮಾಸನ್ನು ಎತ್ತಿ ಅಲ್ಲಾಡಿಸಿ ನೋಡಿದರು.

"ನೀರು ಬಿಡಲ್ಲ ಮೇಡಂ."

"ಇದು ಕೂಸಿನ ನೀರ್ರೀ ಸರ್. ಕಾಸಿ ಆರ್ಸಿದ್ದು. ಪುಡಿ ಕಲಸಾಕ ಬೇಕು," ಎಂದಳು ಜ್ಯೋತಿ.

"ಪುಡಿ ಬೇಬಿ ಫುಡ್. ಅದಕ್ಕೆ ವಿನಾಯಿತಿ ಇದೆ, ತಗೊಂಡು ಹೋಗಿ. ನೀರು ಫುಡ್ ಅಲ್ಲ."

"ಬರೇ ಪುಡಿ ತಿನಸಾಕ ಬರತೈತೇನ್ರಿ ಕೂಸಿಗೆ?"

"ಅದು ನನಗೆ ಗೊತ್ತಿಲ್ಲ. ಕಲಸಿಕೊಂಡು ಬಂದಿದ್ದರೆ ಬಿಡ್ತಿದ್ದೆ."

ಮಾನ್ಯರೇ, ಈ ಮಾತನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಪುಡಿಯಿಂದ ಅಪಾಯವಿಲ್ಲ. ಪುಡಿ ಬೆರೆತ ನೀರಿನಿಂದಲೂ ಅಪಾಯವಿಲ್ಲ. ಪುಡಿ ಬೆರೆಯುವುದನ್ನು ಕಾದು ಕುಳಿತ ನೀರಿನಿಂದ ಮಾತ್ರ ವಿಮಾನಕ್ಕೆ ಅಪಾಯ. ಹಾಗಾದರೆ ನಾಲ್ಕು ಚಮಚ ಹಾಲಿನ ಪುಡಿ ಬಿದ್ದ ಕೂಡಲೇ ಸ್ಫೋಟಕವು ಆಹಾರವಾಗಿಬಿಡುತ್ತದೆಯೇ? ಇದು ನಿಜವಾಗಿದ್ದರೆ ದೇಶದ ಭದ್ರತೆಗೆ ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ. ದಯವಿಟ್ಟು ಮೇಲಿನವರಿಗೆ ತಿಳಿಸಿ.

"ನಾನಽ ಕುಡದು ತೋರಸ್ತೇನ್ರಿ," ಎಂದಳು ಜ್ಯೋತಿ. ಕುಡಿದು ತೋರಿಸುವುದು ನಿಯಮದಲ್ಲಿಲ್ಲ ಎಂದರು. ನಮ್ಮ ಹಿಂದೆ ಸಾಲಿನಲ್ಲಿ ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ವೃದ್ಧ ಲಾಮಾ ಇದ್ದರು. "ಕೂಸಿನ ಮಾರಿ ನೋಡ್ರಿ ಸಾಹೇಬ್ರ, ನೀರು ಬಿಟ್ಟರ ಏನೂ ಆಗೂದಿಲ್ಲ," ಎಂದು ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ ಹೇಳಿದರು. ಅವರಿಗೆ ಸುಮ್ಮನಿರಲು ಸೂಚಿಸಲಾಯಿತು. ಅವರ ಚೀಲದಲ್ಲಿದ್ದ ದೊಡ್ಡ ಬಾಟಲಿ ಖಾರದ ಚಟ್ನಿಯನ್ನು ಯಾರೂ ಕೇಳಲಿಲ್ಲ. ಆಮೇಲೆ ಅವರೇ ನನಗೆ ಅದನ್ನು ತೋರಿಸಿ, ಕದ್ದು ಸಿಕ್ಕಿಬಿದ್ದವರಂತೆ ನಾಚಿಕೊಂಡರು.

ಕೊನೆಗೆ ನಿಮ್ಮ ಅಧಿಕಾರಿ ಒಂದು ಔದಾರ್ಯ ತೋರಿದರು. ಅಲ್ಲೇ ಒಂದು ಬಾಟಲಿ ಕಲಸಿಕೊಳ್ಳಬಹುದು, ಉಳಿದದ್ದು ಚೆಲ್ಲಬೇಕು. ಕಲಸಿದ ಹಾಲು ಒಂದು ಗಂಟೆ ಮೀರಿದರೆ ಕುಡಿಸಬಾರದು ಎಂದು ಜ್ಯೋತಿ ಹೇಳಿದಳು. ಅದು ವೈದ್ಯರ ನಿಯಮ, ಇದು ಭದ್ರತೆಯ ನಿಯಮ ಎಂದರು. ಸಾಲು ದೊಡ್ಡದಾಗುತ್ತಿತ್ತು. ಜ್ಯೋತಿ ಒಂದು ಬಾಟಲಿ ಕಲಸಿದಳು. ಉಳಿದ ನೀರನ್ನು ಬಕೆಟ್ಟಿಗೆ ನಾನೇ ಚೆಲ್ಲಿದೆ.

ವಿಮಾನ ಹನ್ನೊಂದಕ್ಕೆ ಹೊರಡಬೇಕಿತ್ತು. ಮೋಡ ಕವಿದಿದ್ದರಿಂದ ಹನ್ನೆರಡೂವರೆ ಎಂದರು, ಆಮೇಲೆ ಎರಡೂವರೆ ಎಂದರು. ಮೋಡಕ್ಕೆ ನೀವು ಹೊಣೆಯಲ್ಲ. ಹನ್ನೊಂದೂ ಕಾಲಿಗೆ ಜ್ಯೋತಿ, ಮಗು ಇನ್ನೂ ಮುಟ್ಟಿರದ ಆ ಹಾಲನ್ನು ಶೌಚಾಲಯದ ಬೇಸಿನ್ನಿಗೆ ಸುರಿದು ಬಂದಳು. ಹನ್ನೊಂದೂವರೆಗೆ ನೀಲಕ್ಕ ಎದ್ದಳು.

ಒಳಗೆ ಬಾಟಲಿ ನೀರು ಸಿಗುತ್ತಿತ್ತು, ಕಾಯಿಸಿದ ನೀರು ಸಿಗುತ್ತಿರಲಿಲ್ಲ. ಚಹಾ ಅಂಗಡಿಯವನನ್ನು ಕೇಳಿದೆ. ಬಿಸಿನೀರನ್ನು ಬೇರೆಯಾಗಿ ಮಾರುವುದಿಲ್ಲ, ಚಹಾ ತಗೊಳ್ಳಿ ಎಂದ. ಚಹಾ ಇಲ್ಲದ ಚಹಾ ಕೊಡಪ್ಪ ಎಂದೆ. ಯಂತ್ರದ ಮೂತಿಯಿಂದ ಒಂದು ಕಪ್ಪು ಹಿಡಿದುಕೊಟ್ಟ. ಉಗುರು ಬೆಚ್ಚಗಿನ ನೀರು, ಮೇಲೆ ಹಾಲಿನ ಕೆನೆಯ ತುಣುಕು, ಕಾಫಿಯ ವಾಸನೆ. ಜ್ಯೋತಿ ಅದನ್ನು ಮೂಸಿ ನೋಡಿ ಕೆಳಗಿಟ್ಟಳು. ಅಂಗುಳ ಸೀಳಿದ ಮಗುವಿನ ಅಳು ಬೇರೆ ಮಕ್ಕಳ ಅಳುವಿನಂತೆ ಇರುವುದಿಲ್ಲ. ಮೂಗಿನಿಂದ ಬರುತ್ತದೆ. ಕೇಳಿದವರು ತಿರುಗಿ ನೋಡುತ್ತಾರೆ, ನೋಡಿ ಬೇರೆ ಕಡೆ ತಿರುಗುತ್ತಾರೆ. ಲಾಮಾ ಮಾತ್ರ ಮಗುವನ್ನು ಎತ್ತಿಕೊಂಡು ಗಾಜಿನ ಗೋಡೆಯ ಉದ್ದಕ್ಕೂ ಅಡ್ಡಾಡಿದರು. ಹನ್ನೆರಡೂವರೆಯ ಹೊತ್ತಿಗೆ ನೀಲಕ್ಕನ ದನಿ ಬಿದ್ದುಹೋಯಿತು. ಮೂವತ್ತೊಂದು ವರ್ಷ ಗೇಟು ಕಾದವನು ನಾನು. ಆ ಹೊತ್ತು ಯಾವ ಗೇಟಿನ ಹತ್ತಿರ ಹೋಗಿ ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತಿದ್ದೆ.

ಆಗ ನೆಲ ಒರೆಸುತ್ತಿದ್ದ ನಡುವಯಸ್ಸಿನ ಹೆಂಗಸು ಕೋಲನ್ನು ಗೋಡೆಗೆ ಆನಿಸಿ ಹತ್ತಿರ ಬಂದಳು. ಎದೆಯ ಮೇಲಿನ ಪಟ್ಟಿಯಲ್ಲಿ ಶಂಕ್ರೆವ್ವ ಎಂದಿತ್ತು.

"ಯಾಕವ್ವಾ, ಹಸದೈತೇನು ಕೂಸು?"

ಜ್ಯೋತಿ ಅಳುತ್ತಲೇ ಎಲ್ಲ ಹೇಳಿದಳು.

"ಇಷ್ಟ ಹೌದಿಲ್ಲೋ? ನಮ್ಮ ಖೋಲ್ಯಾಗ ಕೆಟಲ್ ಐತಿ. ಹೊಸಾ ಬಾಟ್ಲಿ ನೀರು ತಾ, ಕುದಿಸಿ ಕೊಡ್ತೇನಿ."

"ಕುದಿಯೂದನ್ನ ನಾ ಕಣ್ಣಾರೆ ನೋಡಬೇಕ್ರಿ. ಡಾಕ್ಟ್ರು ಹೇಳ್ಯಾರ," ಎಂದು ಜ್ಯೋತಿ ಅನುಮಾನಿಸುತ್ತಲೇ ನನ್ನ ಮುಖ ನೋಡಿದಳು. "ಹೋಗವಾ," ಎಂದೆ.

"ಬಾ ಹಂಗಾರ, ನೋಡ್ಬಾ," ಎಂದಳು ಶಂಕ್ರೆವ್ವ.

ಸಿಬ್ಬಂದಿಯ ಕೊಠಡಿಗೆ ಪ್ರಯಾಣಿಕರು ಹೋಗಬಾರದು ಎಂಬುದು ಸರಿಯಾದ ನಿಯಮ. ಆ ನಿಯಮ ಮುರಿದವಳು ನನ್ನ ಮಗಳು. ಹೋಗು ಎಂದವನು ನಾನು. ನಿಮ್ಮ ಕ್ಯಾಮೆರಾದಲ್ಲಿ ನಾವೆಲ್ಲ ಇದ್ದೇವೆ. ಹದಿನೈದು ನಿಮಿಷದಲ್ಲಿ ನೀರು ಬಂತು. ಅದನ್ನು ತಣ್ಣೀರಿನ ಬಟ್ಟಲಲ್ಲಿಟ್ಟು ಆರಿಸಿ, ಕಲಸಿ, ಗುಟುಕು ಗುಟುಕಾಗಿ ಕುಡಿಸಿದಳು ಜ್ಯೋತಿ. ಶಂಕ್ರೆವ್ವ ನೆಲ ಒರೆಸಲು ಹೋದಳು. ಅವಳಿಗೆ ಸರಿಯಾಗಿ ಒಂದು ಮಾತು ಹೇಳುವಷ್ಟರಲ್ಲಿ ನಮ್ಮ ವಿಮಾನ ಕೂಗಿದರು.

ನೀಲಕ್ಕನ ಹೊಟ್ಟೆ ಕೆಡಲಿಲ್ಲ. ಗೊತ್ತಾದ ದಿನವೇ ಶಸ್ತ್ರಚಿಕಿತ್ಸೆ ಆಯಿತು. ಹನ್ನೆರಡು ದಿನಗಳ ಮೇಲೆ ನಿಮ್ಮಲ್ಲೇ ಬಂದಿಳಿದೆವು. ಶಂಕ್ರೆವ್ವನಿಗೆಂದು ಜ್ಯೋತಿ ಒಂದು ಸೀರೆ ತಂದಿದ್ದಳು. ಹೊರಗೆ ತಳ್ಳುಗಾಡಿ ಜೋಡಿಸುತ್ತಿದ್ದ ಇನ್ನೊಬ್ಬ ಹೆಂಗಸನ್ನು ಕೇಳಿದೆ.

"ಆಕಿನ್ನ ತಗದಾರ್ರೀ ಅಜ್ಜಾರ. ಯಾವ್ದೋ ಕೂಸಿಗೆ ನೀರು ಕಾಸಿ ಕೊಟ್ಟಳಂತ," ಎಂದಳು. ಆ ಕೂಸು ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

ಮರುದಿನ ನಿಮ್ಮ ಕಚೇರಿಗೆ ಬಂದೆ. ಸ್ವಚ್ಛತೆಯವರು ಗುತ್ತಿಗೆದಾರರ ಕಡೆಯವರು, ಇದು ಅವರ ಆಂತರಿಕ ವಿಷಯ ಎಂದರು. ಗುತ್ತಿಗೆದಾರರ ಬಳಿ ಹೋದೆ. ಭದ್ರತೆಯವರ ಆದೇಶ, ನಾವೇನೂ ಮಾಡುವಂತಿಲ್ಲ ಎಂದರು. ಆದೇಶದ ಪ್ರತಿ ಕೇಳಲು ಮತ್ತೆ ನಿಮ್ಮಲ್ಲಿಗೆ ಬಂದೆ. ಅಂಥ ಆದೇಶ ಇಲ್ಲ ಎಂದರು. ಆಗ ನನಗೆ ಅರ್ಥವಾದದ್ದು ಇಷ್ಟು: ಶಂಕ್ರೆವ್ವನನ್ನು ಯಾರೂ ತೆಗೆದಿಲ್ಲ. ಅವಳು ಕೆಲಸದಲ್ಲಿ ಮಾತ್ರ ಇಲ್ಲ.

ವಿಳಾಸ ಹುಡುಕಿಕೊಂಡು ಮುಂಡಗೋಡದ ಕಡೆಯ ಅವಳ ಹಳ್ಳಿಗೆ ಹೋದೆ. ಆರು ವರ್ಷ ದಿನಾ ನಸುಕಿನ ಬಸ್ಸು ಹಿಡಿದು ನಿಮ್ಮಲ್ಲಿಗೆ ಬರುತ್ತಿದ್ದವಳು ಈಗ ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳಿಗೆ ಕೂಲಿಗೆ ಹೋಗುತ್ತಾಳೆ. ಮನೆಯಂಗಳದಲ್ಲಿ ನನ್ನನ್ನು ಕಂಡವಳೇ ಕುಡುಗೋಲು ಕೆಳಗಿಟ್ಟಳು.

"ಕೂಸು ಹೆಂಗೈತಿ ಹೇಳ್ರಿ ಮೊದಲ."

ಈಗ ಹಾಲು ಮೂಗಿನಿಂದ ಬರುವುದಿಲ್ಲ ಎಂದೆ. ಬಾಯಿ ತುಂಬ ನಕ್ಕಳು. ನಮ್ಮಿಂದ ನಿನ್ನ ಕೆಲಸ ಹೋಯಿತಲ್ಲ ತಂಗಿ ಎಂದೆ. ಅವಳು ಒಳಗೆ ಹೋಗಿ, ಟೈಪ್ ಮಾಡಿದ ಒಂದು ಹಾಳೆ ತಂದು ಕೊಟ್ಟಳು. ಇದಕ್ಕೆ ಸಹಿ ಹಾಕಿದರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರಂತೆ. ಅದರಲ್ಲಿ ಹೀಗಿದೆ: 'ಪ್ರಯಾಣಿಕರನ್ನು ನಿರ್ಬಂಧಿತ ಕೊಠಡಿಗೆ ಕರೆದೊಯ್ದದ್ದು ಮತ್ತು ಅನಧಿಕೃತವಾಗಿ ಶಿಶುವಿಗೆ ನೀರು ಕಾಯಿಸಿ ಕೊಟ್ಟದ್ದು ನನ್ನ ತಪ್ಪು. ಇನ್ನು ಮುಂದೆ ಇಂಥ ಕೃತ್ಯ ಎಸಗುವುದಿಲ್ಲ. ಕ್ಷಮೆ ಇರಲಿ.'

"ಓದಿ ಹೇಳಿದ್ರು," ಎಂದಳು ಶಂಕ್ರೆವ್ವ. "ಮೊದಲಿಂದು ಒಪ್ಪಿದ್ನಿರೀ ಅಣ್ಣಾರ. ಖೋಲ್ಯಾಗ ಕರಕೊಂಡು ಹೋಗಿದ್ದು ತಪ್ಪಽ ಇರಬೇಕು. ಎರಡನೇದಕ್ಕ ಹೆಂಗ್ ಸಹಿ ಮಾಡ್ಲಿ? ಇನ್ನ ಮ್ಯಾಲ ಕೂಸು ಅತ್ರೂ ನೀರು ಕೊಡೂದಿಲ್ಲ ಅಂತ ಬರಕೊಡಬೇಕಂತ. ನನ್ನ ಕೈಲೆ ಆಗೂದಿಲ್ಲ ಅಂದೆ. ಬಂದ್ ಬಿಟ್ಟೆ."

"ನಾ ಪೇಪರಿಗೆ ಬರೀಲೇನು?"

"ಬರೀರಿ. ಹೆಸರು ಹಾಕ್ರಿ ಬೇಕಾರ. ಆದ್ರ ಪಾಪ ಅನ್ನೂವಂಗ ಬರೀಬ್ಯಾಡ್ರಿ."

ಆದ್ದರಿಂದ ಅವಳ ಬಗ್ಗೆ ಪಾಪ ಎನ್ನುವುದಿಲ್ಲ. ಕೇಳಬೇಕಾದದ್ದನ್ನು ಕೇಳುತ್ತೇನೆ. ಶಿಶುವಿನ ಹಾಲು ಕಲಸುವ ನೀರು ಶಿಶು ಆಹಾರದ ಭಾಗವೇ ಎಂದು ನಿಮ್ಮ ಪ್ರತಿ ಮೇಜಿಗೂ ಲಿಖಿತವಾಗಿ ತಿಳಿಸಿ. ಅನುಮಾನವಿದ್ದರೆ ಪರೀಕ್ಷಿಸಿ, ತಾಯಿಯಿಂದ ಕುಡಿಸಿ ನೋಡಿ, ಏನಾದರೂ ಮಾಡಿ, ಚೆಲ್ಲಿಸಬೇಡಿ. ಒಳಗೆ ಒಂದು ಕಡೆ ಕುದಿಸಿದ ನೀರು ಸಿಗುವಂತೆ ಮಾಡಿ. ಶಂಕ್ರೆವ್ವನನ್ನು ಯಾವ ಮುಚ್ಚಳಿಕೆಯೂ ಇಲ್ಲದೆ ಕೆಲಸಕ್ಕೆ ಮರಳಿ ಕರೆಯಿರಿ. ಕೊಠಡಿಯ ನಿಯಮ ಮುರಿದದ್ದಕ್ಕೆ ಯಾರಾದರೂ ಬರೆದುಕೊಡಲೇಬೇಕೆಂದಿದ್ದರೆ ನಾನು ಬರೆದುಕೊಡುತ್ತೇನೆ.

ಕ್ಷಮೆಯ ಹಾಳೆ ಈಗ ನನ್ನ ಬಳಿಯೇ ಇದೆ. ಟೈಪಿಂಗ್ ಅಚ್ಚುಕಟ್ಟಾಗಿದೆ, ಹೊಸದಾಗಿ ಮಾಡಿಸುವ ತೊಂದರೆ ಬೇಡ. ಕೊಠಡಿಯ ಮಾತು ಹೊಡೆದು, 'ಶಿಶುವಿಗೆ ನೀರು ಕಾಯಿಸಿ ಕೊಟ್ಟದ್ದು' ಎಂಬಲ್ಲಿ 'ಶಿಶುವಿನ ನೀರು ಚೆಲ್ಲಿಸಿದ್ದು' ಎಂದು ತಿದ್ದಿ, ಕೆಳಗೆ ಶಂಕ್ರೆವ್ವನ ಹೆಸರು ಹೊಡೆದುಹಾಕಿ ನಿಮ್ಮ ಹುದ್ದೆಯನ್ನು ಬರೆದಿದ್ದೇನೆ. ಸಹಿಯ ಜಾಗ ಖಾಲಿ ಇದೆ. ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ.

ಇಂತಿ,
ನಿಮ್ಮ ಅಧಿಕಾರಿ ಹೇಳಿದ ಕೂಡಲೇ ಮೊಮ್ಮಗಳ ನೀರನ್ನು ತನ್ನ ಕೈಯಾರೆ ಚೆಲ್ಲಿದ ವಿಧೇಯ ನಾಗರಿಕ,
ಅಂದಾನೆಪ್ಪ
ನಿವೃತ್ತ ಗೇಟ್ ಕಾವಲುಗಾರ, ದಾಂಡೇಲಿ