ಮೊದಲ ಚೀಲದ ನಂಬಿಕೆ

೧೮ ನವೆಂಬರ್ ೨೦೨೫, ಮಂಗಳವಾರ. ಇಂಡಿ.

ಝಳಕಿಯಿಂದ ತಮ್ಮ ಶ್ರೀಶೈಲ ಬಂದಿದ್ದಾನೆ. ಈ ಸಲದ ನಿಂಬೆಹಣ್ಣಿನ ದುಡ್ಡನ್ನೆಲ್ಲ ನಾಳೆ ಬ್ಯಾಂಕಿನಿಂದ ತೆಗೆದು ಯಾವುದೋ ಕ್ರಿಪ್ಟೊ ಆ್ಯಪಿಗೆ ಹಾಕುತ್ತಾನಂತೆ. ಹೇಳಿಕೊಟ್ಟವಳು ವಾಟ್ಸಾಪಿನಲ್ಲಿ ಪರಿಚಯವಾದ ಒಬ್ಬ ಮೇಡಂ. ಅವಳ ಮುಖವನ್ನೇ ಅವನು ನೋಡಿಲ್ಲ.

“ಹೊಸಾ ದಲಾಲಗ ಮೊದ್ಲ ಒಂದ ಚೀಲ ಕಳಿಸಿ ನೋಡ್ತೇವಿಲ್ಲಕ್ಕಾ? ಇಲ್ಲೂ ಹಂಗ ಮಾಡೇನಿ. ಸ್ವಲ್ಪ ಹಾಕಿದ್ದೆ, ಲಾಭ ಸಮೇತ ಹೊಳ್ಳಿ ಬಂತು. ಆಮ್ಯಾಲ ಹಾಕಿದ್ದು ದುಪ್ಪಟ್ಟ ಆಗೇತಿ.”

“ದಲಾಲನ ಅಂಗಡಿ ಪ್ಯಾಟ್ಯಾಗ ಐತಿ. ರೊಕ್ಕ ಕೊಡಲಿಲ್ಲಂದ್ರ ಹೋಗಿ ಕೂಡ್ತಿ. ಇಕಿ ಅಂಗಡಿ ಎಲ್ಲೈತೊ?”

“ಕತಿ-ಕವಿತಿ ಓದಾಕಿ ನಿನಗ ವ್ಯಾಪಾರ ಏನ್ ತಿಳೀತೈತಿ, ಬಿಡು” ಎಂದು ನಕ್ಕ.

“ಹಂಗಾದ್ರ ಆ ದುಪ್ಪಟ್ಟ ಆಗಿದ್ದನ್ನ ನನ್ನ ಮುಂದ ತಗಿ.”

ಆ್ಯಪಿನಲ್ಲಿ ಹಣ ತೆಗೆಯುವ ಗುಂಡಿ ಒತ್ತಿದ. ಮೊದಲು ತೆರಿಗೆ ಕಟ್ಟಿದರೆ ಮಾತ್ರ ಹಣ ಸಿಗುತ್ತದೆ ಎಂದು ಬಂತು. ಇದು ಮೋಸವೆಂದು ನನಗೆ ಖಾತ್ರಿಯಾಯಿತು. ಅವನು ಮಾತ್ರ, “ಸರ್ಕಾರದ್ದಿರಬೇಕು, ಕಟ್ಟಿದ್ರಾತು” ಎಂದ. ನಾನು ಕೂಗಾಡಿಬಿಟ್ಟೆ, ಹುಚ್ಚ ಎಂದೂ ಅಂದೆ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಮೊದಲ ಚೀಲಕ್ಕೆ ಅವರು ದುಡ್ಡು ಕೊಟ್ಟದ್ದೇ ಇಡೀ ಲಾರಿ ನುಂಗಲು. ಬೆಳಗ್ಗೆ ಬ್ಯಾಂಕು ತೆರೆಯುವ ಮೊದಲು ಇದನ್ನು ಸಮಾಧಾನದಿಂದ ಹೇಳಬೇಕು, ಇಬ್ಬರೂ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಅವನು ಕೇಳುತ್ತಾನೋ ಇಲ್ಲವೋ.

ಈಗಷ್ಟೇ, ಚಾರ್ಜಿಗಿಟ್ಟ ಅವನ ಮೊಬೈಲು ಬೆಳಗಿತು. ಅದೇ ಮೇಡಂ: “ಅಣ್ಣಾ, ಊಟ ಆಯ್ತಾ?”

ನಾನು ಅದನ್ನೂ ಕೇಳಿರಲಿಲ್ಲ. ಹೋಗಿ ಎಬ್ಬಿಸುತ್ತೇನೆ. ರೊಟ್ಟಿ ಇವೆ, ಮೊಸರೂ ಸ್ವಲ್ಪ…